ವೃತ್ತದೊಳಗಿನ ನಲವತ್ತೊಂದು ಬಾಗಿಲು

ಮಾತ್ರೆ ಅಕ್ಕ ಎಂದರೆ ಆ ಪೇಟೆಗೆಲ್ಲ ಗೊತ್ತು. ಹತ್ತೊಂಬತ್ತು ವರ್ಷದಿಂದ ಔಷಧಿ ಅಂಗಡಿಯ ಗಾಜಿನ ಕಟ್ಟೆಯ ಹಿಂದೆ ನಿಂತವಳು. ವೈದ್ಯರ ಅಕ್ಷರ ಎರೆಹುಳು ಹರಿದಾಡಿದಂತಿದ್ದರೂ ಬಿಡಿಸಿ ಓದುವಳು, ಎಳ್ಳಷ್ಟು ಅನುಮಾನ ಬಂದರೂ ಫೋನ್ ಮಾಡಿ ಕೇಳುವಳು. ಅಷ್ಟಾದ ಮೇಲೂ ಗಿರಾಕಿಯನ್ನು ಸುಮ್ಮನೆ ಕಳಿಸುವವಳಲ್ಲ. ಪೊಟ್ಟಣವನ್ನು ತನ್ನ ಕೈಯಲ್ಲೇ ಹಿಡಿದುಕೊಂಡು, "ನಾನೇನು ಹೇಳ್ದೆ, ಒಂದ್ಸಲ ಹೇಳಿ ನೋಡೋಣ" ಎನ್ನುವಳು. ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರುಗಳೂ ಅವಳೆದುರು ಮಗ್ಗಿ ಒಪ್ಪಿಸುವ ಹಾಗೆ, "ಬೆಳಿಗ್ಗೆ ಒಂದು, ಊಟ ಆದ್ಮೇಲೆ. ರಾತ್ರಿ ಅರ್ಧ" ಎಂದು ಒಪ್ಪಿಸಿಯೇ ಮನೆಗೆ ಹೋಗಬೇಕು.

ಇಂಥವಳು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಪೊಲೀಸ್ ಠಾಣೆಯಲ್ಲಿ ಕೂತು ಸುಳ್ಳು ಹೇಳಿದಳು. ತುಂಬಾ ಮಾತಾಡಲೂ ಇಲ್ಲ. ಹೆಬ್ಬೆರಳನ್ನು ಒಂದು ಕಡೆ ಇಟ್ಟಳು, ಬಾಯಲ್ಲಿ ಒಂದು "ಹೂಂ" ಅಂದಳು.

ವಿಷಯ ಅವಳ ತಂಗಿಯದು. ಎಂಟು ವರ್ಷ ಚಿಕ್ಕವಳು. ತಾಯಿ ತೀರಿಕೊಂಡಾಗ ತಂಗಿಗೆ ಹತ್ತು ವರ್ಷ. ಅಲ್ಲಿಂದ ಅವಳ ಜಡೆ, ಜ್ವರ, ಪರೀಕ್ಷೆ, ಮದುವೆ ಎಲ್ಲ ಅಕ್ಕನ ತಲೆಯ ಮೇಲೇ ಬಂತು. ಎರಡು ವರ್ಷದ ಹಿಂದೆ ಆ ಮದುವೆ ಮುರಿದುಬಿತ್ತು. ತಂಗಿ ಒಂದು ತಿಂಗಳು ಗೋಡೆಗೆ ಮುಖ ಹಾಕಿ ಮಲಗಿದಳು, ತುತ್ತು ಇಳಿಯುತ್ತಿರಲಿಲ್ಲ. ಅಕ್ಕ ಅವಳನ್ನು ಕರೆತಂದು ತನ್ನ ಮನೆಯ ಮಹಡಿ ಕೋಣೆಯಲ್ಲಿಟ್ಟುಕೊಂಡಳು. ತಂಗಿ ಮೂರು ತಿಂಗಳಲ್ಲಿ ಸುಧಾರಿಸಿಕೊಂಡಳು. ಅಕ್ಕ ಸುಧಾರಿಸಿಕೊಳ್ಳಲಿಲ್ಲ. ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂದು ನೋಡುವುದು, ಸ್ನಾನದ ಮನೆಯಲ್ಲಿ ನೀರಿನ ಸದ್ದು ನಿಂತರೆ ಕಿವಿ ನಿಮಿರುವುದು, ಮಹಡಿಯ ಮೆಟ್ಟಿಲ ಬುಡದಲ್ಲಿ ಏನೋ ಹುಡುಕುವವಳಂತೆ ನಿಲ್ಲುವುದು ಎಲ್ಲ ಹಾಗೇ ಉಳಿದುಕೊಂಡವು. ತಂಗಿಯ ಫೋನು ಎಲ್ಲಿದೆಯೆಂದು ತನ್ನ ಫೋನಿನಲ್ಲಿ ಕಾಣುವಂತೆಯೂ ಮಾಡಿಸಿಕೊಂಡಿದ್ದಳು. ನಕ್ಷೆಯ ಮೇಲೆ ಒಂದು ನೀಲಿ ಚುಕ್ಕೆ. ಮಾತ್ರೆ ಎಣಿಸುವ ನಡುವೆ ಒಮ್ಮೆ ಚುಕ್ಕೆ ನೋಡುವುದು, ಮತ್ತೆ ಎಣಿಸುವುದು.

"ನಾನು ಕಾರಿನ ಕನ್ನಡಿ ನೋಡೋದಕ್ಕಿಂತ ಜಾಸ್ತಿ ನೀನು ಆ ಚುಕ್ಕೆ ನೋಡ್ತೀಯಲ್ಲೇ" ಎನ್ನುತ್ತಿದ್ದ ಅವಳ ಗಂಡ. ಅವನು ಕಾರು ಓಡಿಸುವುದನ್ನು ಕಲಿಸುವವನು. ಹೆದರುವವರ ಪಕ್ಕದಲ್ಲಿ ಕೂತು ಕೂತು ಅವನಿಗೆ ಎಲ್ಲದರಲ್ಲೂ ತಮಾಷೆ ಕಾಣುತ್ತಿತ್ತು. "ಅವಳಿಗೂ ಒಂದು ಸ್ಟೇರಿಂಗ್ ಕೊಡು ಮಾರಾಯ್ತಿ. ಬ್ರೇಕ್ ಮೇಲೇ ಕಾಲಿಟ್ಕೊಂಡ್ರೆ ಗಾಡಿ ಹ್ಯಾಗೆ ಹೋಗುತ್ತೆ?"

ಆ ಭಾನುವಾರ ತಂಗಿ ಗೆಳತಿಯನ್ನು ನೋಡಿಬರುತ್ತೇನೆಂದು ಒಂದು ಚೀಲ ಹಿಡಿದು ಹೋದಳು. ಸೋಮವಾರ ಮಧ್ಯಾಹ್ನ ಬಸ್ ನಿಲ್ದಾಣದ ಹತ್ತಿರ ಚುಕ್ಕೆ ಮಾಯವಾಯಿತು. ಒಂದರ ಹಿಂದೊಂದು ಎರಡು ಸಂದೇಶ ಬಂದವು. ಮೊದಲನೆಯದು: "ಅಕ್ಕ, ನನಗೆ ಸಾಕಾಗಿದೆ. ನನ್ನನ್ನು ಹುಡುಕಬೇಡ." ಎರಡನೆಯದು: "ಕೆಲಸ ಸಿಕ್ಕಿದೆ. ಕೋಣೆಯೂ ಸಿಕ್ಕಿದೆ. ಚೆನ್ನಾಗಿದ್ದೀನಿ. ಒಂದು ತಿಂಗಳು ಬಿಟ್ಟು ನಾನೇ ಫೋನ್ ಮಾಡ್ತೀನಿ. ಭಾವನಿಗೂ ಹೇಳು."

ಅಕ್ಕ ಎರಡನ್ನೂ ಗಂಡನಿಗೆ ಓದಿ ಹೇಳಿದಳು. "ಭೇಷ್" ಎಂದ ಅವನು. "ಲೈಸೆನ್ಸು ಸಿಕ್ತು ಅನ್ನು."

ಅವಳಿಗೆ ನಗು ಬರಲಿಲ್ಲ. ಇಪ್ಪತ್ತಾರು ಸಲ ಫೋನ್ ಮಾಡಿದಳು. ಗಂಟೆ ಹೊಡೆದುಕೊಳ್ಳುತ್ತಿತ್ತು, ಯಾರೂ ಎತ್ತಲಿಲ್ಲ. ರಾತ್ರಿ ಫೋನ್ ಬಂದ್ ಆಯಿತು. ಬೆಳಿಗ್ಗೆ ಮತ್ತೆ ಗಂಟೆ ಹೊಡೆದುಕೊಂಡಿತು. ಚೆನ್ನಾಗಿದ್ದೀನಿ ಎಂದು ಬರೆಯುವವರೆಲ್ಲ ಚೆನ್ನಾಗಿರುತ್ತಾರೆಯೇ? ಔಷಧಿ ಅಂಗಡಿಗೆ ಬಂದು "ನನಗೇನಿಲ್ಲ, ಸುಮ್ನೆ ಒಂದು ನಿದ್ದೆ ಮಾತ್ರೆ" ಎನ್ನುವವರನ್ನು ಅವಳು ಎಷ್ಟು ನೋಡಿಲ್ಲ! ಹೀಗೆ ತನಗೆ ತಾನೇ ವಾದ ಮಾಡಿಕೊಂಡು, ಅಂಗಡಿಗೆ ರಜೆ ಹೇಳಿ, ಠಾಣೆಗೆ ಹೋದಳು.

ಅಲ್ಲಿ ದೂರು ಬರೆದುಕೊಳ್ಳುವ ಪೇದೆಗೆ ದಪ್ಪ ಕನ್ನಡಕ. ಮೇಜಿನ ಒಂದು ಕಾಲಿನ ಕೆಳಗೆ ರಟ್ಟು ಮಡಿಸಿ ಇಟ್ಟಿದ್ದರು. ಬರೆಯುವಾಗಲೆಲ್ಲ ಅದು ಕುಂಟುತ್ತಿತ್ತು. ಅವನು ಸಮಾಧಾನದಿಂದಲೇ ಕೇಳಿಸಿಕೊಂಡ.

"ವಯಸ್ಸು?"

"ಮೂವತ್ತನಾಲ್ಕು."

"ನೋಡಿಯಮ್ಮ, ಮೂವತ್ತನಾಲ್ಕು ವರ್ಷದೋರು ಎಲ್ಲಿಗಾದ್ರೂ ಹೋಗಬಹುದು. ನಾವು ಕೇಳಿದ ತಕ್ಷಣ ಫೋನ್ ಕಂಪನಿಯವ್ರು ಜಾಗ ಹೇಳಲ್ಲ, ಕೋರ್ಟಿನ ಆದೇಶ ತನ್ನಿ ಅಂತಾರೆ. ಅದಕ್ಕೆ ವಾರಾನೇ ಹಿಡಿಯುತ್ತೆ."

"ವಾರಾನಾ!"

"ಪ್ರಾಣಕ್ಕೆ ಅಪಾಯ ಇದ್ರೆ ಮಾತು ಬೇರೆ." ಅವನು ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದ. "ಇದನ್ನ ತುಂಬಿ, ಮೇಲಿನೋರ ಸಹಿ ಹಾಕಿಸಿ ಕಳಿಸಿದ್ರೆ ಅರ್ಧ ಗಂಟೇಲಿ ಬರುತ್ತೆ. ಆದ್ರೆ ಇಲ್ಲಿ ಕಾರಣ ಬರೀಬೇಕು. ಸುಮ್‌ಸುಮ್ನೆ ಬರೆಯೋ ಹಾಗಿಲ್ಲ." ಪೆನ್ನನ್ನು ಎತ್ತಿ ಹಿಡಿದು ಕೇಳಿದ: "ಸಾಯ್ತೀನಿ ಅಂತ ಏನಾದ್ರೂ ಅಂದಿದ್ದಾರಾ?"

ಅಕ್ಕ ಫೋನನ್ನು ಅವನ ಮುಂದೆ ಹಿಡಿದಳು. ಪರದೆಯ ಮೇಲೆ ಎರಡೂ ಸಂದೇಶಗಳಿದ್ದವು. ಅವಳ ಹೆಬ್ಬೆರಳು ಎರಡನೆಯದರ ಮೇಲೆ ಅಡ್ಡವಾಗಿ ಮಲಗಿತ್ತು. ಹಾಗೇ ಹಿಡಿದಾಗ ಬೆರಳು ಅಲ್ಲಿ ಬಂತೆಂದು ಆಮೇಲೆ ಎಷ್ಟೋ ದಿನ ತನಗೇ ಹೇಳಿಕೊಂಡಳು. ಅದೂ ಸುಳ್ಳೇ. ಬೆರಳನ್ನು ಅವಳು ಇಟ್ಟಿದ್ದಳು. ಚೀಟಿಯಲ್ಲಿ ಒಂದು ಸಾಲು ಮುಚ್ಚಿದರೆ ಔಷಧಿ ಹೇಗೆ ವಿಷವಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಇರಲಿಲ್ಲ.

ಪೇದೆ ಬಗ್ಗಿ ಓದಿದ. "ಸಾಕಾಗಿದೆ… ಹುಡುಕಬೇಡ…" ಕನ್ನಡಕದ ಮೇಲಿನಿಂದ ನೋಡಿದ. "ಇದಕ್ಕೆ ಮುಂಚೆ ಬಾಯಲ್ಲೂ ಅಂದಿದ್ರಾ? ಪ್ರಾಣ ಕಳ್ಕೋತೀನಿ ಅಂತ?"

"ಹೂಂ."

ಅವನು ಬರೆದುಕೊಂಡ. ಮೇಜು ಕುಂಟಿತು. ನಾನೇನು ಹೇಳ್ದೆ, ಒಂದ್ಸಲ ಹೇಳಿ ನೋಡೋಣ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅವಳಿಂದ ಆಗುತ್ತಿರಲಿಲ್ಲವೇನೋ.

ಅರ್ಧ ಗಂಟೆ ಎಂದದ್ದು ಇಪ್ಪತ್ತೇ ನಿಮಿಷದಲ್ಲಿ ಬಂತು. ಅಕ್ಕ ಚುಕ್ಕೆಯನ್ನು ನಿರೀಕ್ಷಿಸಿದ್ದಳು. ಬಂದದ್ದು ವೃತ್ತ. ಊರಿನ ಆಚೆ ಕೊನೆಯ ಒಂದು ಬಡಾವಣೆಯ ಮೇಲೆ ಯಾರೋ ತಟ್ಟೆ ಕವುಚಿಟ್ಟ ಹಾಗೆ. "ಇದರೊಳಗೆ ಎಲ್ಲಾದ್ರೂ ಇರಬಹುದು" ಎಂದ ಪೇದೆ. "ಇಷ್ಟೇ ಹೇಳೋಕಾಗೋದು. ಗುರುತು ಹಿಡಿಯೋಕೆ ನೀವೂ ನಡೀರಿ."

ವ್ಯಾನಿನಲ್ಲಿ ಇಬ್ಬರು ಮಹಿಳಾ ಪೇದೆಯರು. ಅವರಲ್ಲಿ ಎತ್ತರದವಳು ದಾರಿಯುದ್ದಕ್ಕೂ ಅಕ್ಕನ ಮುಂಗೈ ಹಿಡಿದುಕೊಂಡಿದ್ದಳು. "ಹೆದ್ರಬೇಡಿ ಅಕ್ಕಾ, ಹೋದ ವರ್ಷ ಒಬ್ಬರನ್ನ ಹೀಗೇ ಉಳಿಸಿದ್ವಿ. ಹತ್ತು ನಿಮಿಷ ತಡ ಆಗಿದ್ರೆ ಮುಗೀತಿತ್ತು." ಅವಳ ಕೈ ಬೆಚ್ಚಗಿತ್ತು. ಆ ಕೈಯಿಂದ ತನ್ನ ಕೈ ಬಿಡಿಸಿಕೊಂಡು ನಿಜ ಹೇಳಲು ಮೂರು ಸಿಗ್ನಲ್‌ಗಳಷ್ಟು ಸಮಯವಿತ್ತು. ಮೂರೂ ಹಸಿರಾದವು.

ಆಮೇಲೆ ಬಾಗಿಲುಗಳು. ಇಸ್ತ್ರಿ ಅಂಗಡಿ, ದರ್ಜಿ, ಎರಡಂತಸ್ತಿನ ಮನೆ, ಒಂಟಿ ಮುದುಕರೊಬ್ಬರ ಮನೆ. ಎತ್ತರದ ಪೇದೆ ತಂಗಿಯ ಫೋಟೋ ತೋರಿಸಿ ಪ್ರತಿ ಬಾಗಿಲಲ್ಲೂ ಅದನ್ನೇ ಕೇಳಿದಳು: "ಇವ್ರನ್ನ ನೋಡಿದ್ದೀರಾ? ಪ್ರಾಣ ಕಳ್ಕೊಳ್ಳೋ ಯೋಚನೇಲಿದ್ದಾರೆ. ಬೇಗ ಹೇಳಿ." ಜನ ಅಯ್ಯೋ ಎನ್ನುತ್ತಿದ್ದರು. ಕೆಲವರು ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದರು. ಅಕ್ಕ ಎಣಿಸುವುದು ಬೇಡವೆಂದರೂ ಎಣಿಸಿದಳು. ಎಣಿಸುವುದು ಅವಳ ಕಸುಬು. ನಲವತ್ತೊಂದನೆಯ ಬಾಗಿಲ ಮೇಲೆ ಬಣ್ಣದ ಆನೆ, ಮೊಲಗಳನ್ನು ಬಿಡಿಸಿದ್ದರು.

ಕೆಲಸಕ್ಕೆ ಹೋಗುವ ತಾಯಂದಿರು ಕೂಸುಗಳನ್ನು ಬಿಟ್ಟುಹೋಗುವ ಮನೆ ಅದು. ಒಳಗೆ ಹಾಲು ಮತ್ತು ಒಗೆದ ಬಟ್ಟೆಯ ವಾಸನೆ. ತಂಗಿ ಕಿಟಕಿಯ ಪಕ್ಕ ನಿಂತು ಒಂದು ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ಕೂಸು ಆಗಷ್ಟೇ ತೇಗಿತ್ತು. ತಂಗಿ ಅದಕ್ಕೆ ಏನೋ ಹೇಳಿ ನಗುತ್ತಿದ್ದಳು. ಎರಡು ವರ್ಷದಲ್ಲಿ ಆ ನಗುವನ್ನು ಅಕ್ಕ ನೋಡಿರಲಿಲ್ಲ.

"ಮೇಡಮ್" ಎಂದಳು ಎತ್ತರದ ಪೇದೆ, ತೀರ ಮೆಲ್ಲಗೆ. "ಗಾಬರಿ ಆಗ್ಬೇಡಿ. ಮಗೂನ ನನ್ನ ಕೈಗೆ ಕೊಡಿ. ನಿಧಾನಕ್ಕೆ… ಹಾಂ, ಹಾಗೆ."

ಚಾಕು ಹಿಡಿದವರ ಕೈಯಿಂದ ಚಾಕು ಬಿಡಿಸಿಕೊಳ್ಳುವ ಹಾಗೆ ಕೂಸನ್ನು ಬಿಡಿಸಿಕೊಂಡಳು. ತಂಗಿಯ ಎರಡು ಕೈಗಳು ಕೂಸಿನ ಆಕಾರದಲ್ಲೇ ಗಾಳಿಯಲ್ಲಿ ನಿಂತವು. ಹಿಂದೆ ಬಂದಿದ್ದ ಬೀದಿಯ ಜನ ಕಿಟಕಿಯಲ್ಲಿ ಇಣುಕುತ್ತಿದ್ದರು. ಆಗ ಅವಳು ಅಕ್ಕನನ್ನು ನೋಡಿದಳು.

"ನನ್ನ ಎರಡನೇ ಮೆಸೇಜು ಬರ್ಲಿಲ್ವಾ ಅಕ್ಕ?"

"ಇಲ್ಲ ಕಣೇ" ಎಂದಳು ಅಕ್ಕ. ಇದು ಎರಡನೇ ಸುಳ್ಳು. ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಗೋಡೆಯ ಗೂಡಿನಲ್ಲಿ ಒಂದು ತಗಡಿನ ಡಬ್ಬಿ. ಕೆಲಸದವರು ಬಂದ ಕೂಡಲೇ ಫೋನನ್ನು ಅದರಲ್ಲಿ ಹಾಕಿ ಸಂಜೆ ತೆಗೆದುಕೊಳ್ಳಬೇಕು, ಅದು ಆ ಮನೆಯ ಕಟ್ಟುನಿಟ್ಟು. ತಂಗಿ ಹೋಗಿ ಡಬ್ಬಿ ತೆಗೆದು ತನ್ನ ಫೋನು ನೋಡಿದಳು. ಎರಡನೇ ಸಂದೇಶದ ಪಕ್ಕದಲ್ಲಿ, ಓದಲಾಗಿದೆ ಎಂದು ತೋರಿಸುವ ಎರಡು ನೀಲಿ ಗೆರೆಗಳು. ಅವಳು ಫೋನನ್ನು ಮತ್ತೆ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. ಬೈದಿದ್ದರೆ ಅಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು.

ಆ ಮನೆ ನಡೆಸುವ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಪೊಲೀಸರು ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದ ಮೇಲೆ ಅವರು ತಂಗಿಯನ್ನು ಕೂರಿಸಿಕೊಂಡು ಹೇಳಿದರು, "ನಿನ್ನ ಕಣ್ಣು ನೋಡಿದ್ರೆ ನನಗೆ ನಂಬಿಕೆ ಇದೆಯಮ್ಮ. ಆದ್ರೆ ಹನ್ನೊಂದು ಜನ ತಾಯಂದಿರು ತಮ್ಮ ಕೂಸುಗಳನ್ನ ಇಲ್ಲಿ ಬಿಡ್ತಾರೆ. ಎಲ್ಲರೂ ಇದೇ ಬೀದಿಗಳೋರು. ಸಾಯೋಕೆ ಹೊರಟೋಳ ಕೈಗೆ ಮಗು ಕೊಡ್ತೀರಾ ಅಂತ ಕೇಳಿದ್ರೆ ನಾನೇನು ಹೇಳ್ಲಿ? ಅವ್ರ ಮನಸ್ಸು ತಿಳಿಯಾಗೋವರೆಗೂ ನೀನು ಬರೋದು ಬೇಡ."

ತಂಗಿ ಚೀಲ ತೆಗೆದುಕೊಂಡು ಹಿಂಬಾಗಿಲಿನಿಂದ ಹೋದಳು. ಎಲ್ಲಿಗೆ ಎಂದು ಅಕ್ಕ ಕೇಳಲಿಲ್ಲ.

ಸಂಜೆ ಗಂಡ ತಮಾಷೆ ಮಾಡಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು, ಬೂಟಿನ ದಾರ ಬಿಚ್ಚುತ್ತಾ, "ನೀನು ನಂಗೆ ಓದಿ ಹೇಳಿದಾಗ ಎರಡು ಇತ್ತು ಕಣೇ" ಎಂದ. ಅಷ್ಟೇ. ಆಮೇಲೆ ದೀಪ ಹಾಕಲು ಎದ್ದ.

ಮೂರು ದಿನ ಅಕ್ಕ ಅಂಗಡಿಯಲ್ಲಿ ನಿಂತಳು. ಗಿರಾಕಿಗಳಿಗೆ "ಹೇಳಿ ನೋಡೋಣ" ಎನ್ನಲು ನಾಲಗೆ ಏಳಲಿಲ್ಲ. ಅವರು ಪೊಟ್ಟಣಕ್ಕಾಗಿ ಕೈ ಚಾಚಿ, ಒಪ್ಪಿಸಲು ಸಿದ್ಧರಾಗಿ ಕಾಯುತ್ತಿದ್ದರು. ಇವಳು ಸುಮ್ಮನೆ ಕೊಟ್ಟುಬಿಡುತ್ತಿದ್ದಳು. "ಯಾಕಕ್ಕ, ಹುಷಾರಿಲ್ವಾ?" ಎಂದರು ಒಬ್ಬರು. ಶನಿವಾರ ಅವಳು ಮತ್ತೆ ಠಾಣೆಗೆ ಹೋದಳು.

ಕನ್ನಡಕದ ಪೇದೆ ಗುರುತು ಹಿಡಿದು ಮುಖ ಅರಳಿಸಿದ. "ಬನ್ನಿ ಬನ್ನಿ. ತಂಗಿ ಹ್ಯಾಗಿದ್ದಾರೆ?"

"ಅವಳು ಸಾಯ್ತೀನಿ ಅಂದಿರಲಿಲ್ಲ ಸಾರ್. ಇನ್ನೊಂದು ಮೆಸೇಜಿತ್ತು. ನಾನು ಬೆರಳಲ್ಲಿ ಮುಚ್ಚಿ ತೋರಿಸ್ದೆ."

ಅರಳಿದ್ದ ಅವನ ಮುಖ ನಿಧಾನವಾಗಿ ಮುದುಡಿತು. ಪೆನ್ನನ್ನು ಕೆಳಗಿಟ್ಟ. "ಸಹಿ ಹಾಕಿದ್ದು ನಮ್ಮ ಮೇಲಿನೋರು. ಬರೆದಿದ್ದು ನಾನು. 'ಸುರಕ್ಷಿತವಾಗಿ ಪತ್ತೆ' ಅಂತ ಷರಾ ಬರೆದು ಮುಗಿಸಿಯೂ ಆಯ್ತು. ಈ ತಿಂಗಳು ಈ ಠಾಣೇಲಿ ಇದ್ದ ಒಂದೇ ಒಳ್ಳೆ ಸುದ್ದಿ ಅದು."

"ತಿದ್ದಿ ಬರೀರಿ. ಒಂದು ಕಾಗದ ಕೊಡಿ, ಆ ದೊಡ್ಡಮ್ಮನಿಗೆ ತೋರಿಸ್ತೀನಿ."

"ತಿದ್ದೋಕೆ ಜಾಗ ಇಲ್ಲಮ್ಮ ಇದರಲ್ಲಿ. ಬೇಕಾದ್ರೆ ನಿಮ್ಮ ಮೇಲೆ ಹೊಸದಾಗಿ ಬರೀಬಹುದು, ಸುಳ್ಳು ಮಾಹಿತಿ ಅಂತ."

"ಬರೀರಿ."

ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ನಾಳೆ ಇನ್ನೊಬ್ಬಳು ಅಕ್ಕ ಬಂದು ಇಲ್ಲೇ ಕೂತ್ಕೋತಾಳೆ. ನಿಜವಾಗ್ಲೂ ಸಾಯೋಕೆ ಹೊರಟ ತಂಗಿ ಇರೋಳು. ಆಗ ನಾನು ಮೊದಲು ಅವಳ ಹೆಬ್ಬೆರಳು ನೋಡ್ತೀನಿ. ಹತ್ತು ನಿಮಿಷ ಅಲ್ಲೇ ಹೋಗುತ್ತೆ." ಖಾನೆಯನ್ನು ತಳ್ಳಿ ಮುಚ್ಚಿದ. "ಮೇಲಿನೋರಿಗೆ ಹೇಳ್ತೀನಿ. ಏನು ಮಾಡ್ತಾರೋ ಅವ್ರಿಗೆ ಬಿಟ್ಟಿದ್ದು. ನೀವು ಹೊರಡಿ."

ಬಿಸಿಲಲ್ಲಿ ಬಸ್ಸಿಗೆ ಕಾಯುತ್ತಾ ನಿಂತಾಗ ಅವಳಿಗೆ ಒಂದು ಸಂಗತಿ ಹೊಳೆಯಿತು. ಆ ಮಾತು ಕಾಗದದ ಮೇಲಿಂದ ಬೀದಿಗೆ ಹೋದದ್ದಲ್ಲ, ಬಾಗಿಲಿಂದ ಬಾಗಿಲಿಗೆ ಬಾಯಿಂದ ಹೋದದ್ದು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಇಸ್ತ್ರಿ ಅಂಗಡಿಯ ಮುಂದೆ ನಿಂತಿದ್ದಳು.

"ನಾನು ಮಂಗಳವಾರ ಪೊಲೀಸ್ರ ಜೊತೆ ಬಂದಿದ್ದೆ. ನನ್ನ ತಂಗಿ ಸಾಯ್ತೀನಿ ಅಂತ ಎಂದೂ ಹೇಳಿರಲಿಲ್ಲ. ಪೊಲೀಸ್ರಿಗೆ ನಾನೇ ಸುಳ್ಳು ಹೇಳ್ದೆ."

ಇಸ್ತ್ರಿಯವನು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, "ಓ, ಸಿಕ್ಕಿದ್ರಾ? ಸದ್ಯ!" ಎಂದ. ಮಾತು ಅವನಿಗೆ ತಲುಪಿರಲಿಲ್ಲ. ತಲುಪದಿದ್ದರೆ ಬಂದು ಏನು ಪ್ರಯೋಜನ? ಹತ್ತೊಂಬತ್ತು ವರ್ಷದ ಅಭ್ಯಾಸ ಅವಳ ಬಾಯಿಂದ ತಾನಾಗಿಯೇ ಹೊರಟಿತು: "ನಾನೇನು ಹೇಳ್ದೆ, ಒಂದ್ಸಲ ಹೇಳಿ ನೋಡೋಣ."

ಅವನು ಕಕ್ಕಾಬಿಕ್ಕಿಯಾದ. "ಅದೇ… ನಿಮ್ಮ ತಂಗಿ ಹಾಗೇನೂ ಅಂದಿಲ್ಲ. ನೀವು… ನೀವು ಸುಳ್ಳು ಹೇಳಿದ್ರಿ."

"ಸರಿ" ಎಂದಳು ಅಕ್ಕ. ಕಿವಿ ಬಿಸಿಯಾಗಿತ್ತು.

ಹೀಗೆ ಶುರುವಾಯಿತು. ಪ್ರತಿ ಬಾಗಿಲಲ್ಲೂ ಮೂರು ವಾಕ್ಯ, ಆಮೇಲೆ ಹೇಳಿ ನೋಡೋಣ. ದರ್ಜಿ ಬಾಯಲ್ಲಿದ್ದ ಸೂಜಿ ತೆಗೆಯದೆಯೇ, "ನೀವು ಸುಳ್ಳುಬುರುಕಿ, ಅಷ್ಟು ತಾನೆ?" ಎಂದು ಚಿಕ್ಕದಾಗಿ ಒಪ್ಪಿಸಿದ. ಎರಡಂತಸ್ತಿನ ಮನೆಯಾಕೆ ಸೊಂಟದ ಮೇಲೆ ಕೈಯಿಟ್ಟು, "ನಮ್ಮತ್ತೆಗೆ ಆವತ್ತು ರಕ್ತದೊತ್ತಡ ಏರಿ ಡಾಕ್ಟರ ಹತ್ರ ಹೋಗ್ಬೇಕಾಯ್ತು, ಗೊತ್ತಾ? ಒಡಹುಟ್ಟಿದೋಳಿಗೆ ಹೀಗೆ ಮಾಡೋಕೆ ಮನಸ್ಸಾದ್ರೂ ಹ್ಯಾಗೆ ಬಂತು?" ಎಂದಳು. ಅಕ್ಕ ತಲೆ ತಗ್ಗಿಸಿ ನಿಂತಳು. ಅತ್ತೆಗೆ ಯಾವ ಮಾತ್ರೆ ಬರೆದುಕೊಟ್ಟರು ಎಂದು ಕೇಳುವ ಚಟ ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು.

ಒಂಟಿ ಮುದುಕರಿಗೆ ಕಿವಿ ಕೇಳಿಸುತ್ತಿರಲಿಲ್ಲ. "ಯಾರು ಸುಳ್ಳು ಹೇಳಿದ್ರು?" ಎಂದರು.

"ಬೇರೆ ಯಾರೂ ಅಲ್ಲ ತಾತ, ನಾನು!"

"ಆಂ?"

"ನಾನು ಸುಳ್ಳು ಹೇಳ್ದೆ! ನನ್ನ ತಂಗಿ ಬಗ್ಗೆ!"

ಬೀದಿಯ ಆಚೆ ಬಟ್ಟೆ ಒಣಹಾಕುತ್ತಿದ್ದವರು ತಿರುಗಿ ನೋಡಿದರು. ಮುದುಕರು ಸಂತೃಪ್ತಿಯಿಂದ ತಲೆಯಾಡಿಸಿ, ಅವಳಿಗಿಂತ ಜೋರಾಗಿ, ಎರಡು ಬೀದಿಗೆ ಕೇಳುವಂತೆ ಒಪ್ಪಿಸಿದರು: "ನೀನು ಸುಳ್ಳು ಹೇಳ್ದೆ! ನಿನ್ನ ತಂಗಿ ಬಗ್ಗೆ! ತಪ್ಪು ತಪ್ಪು, ಹಾಗೆಲ್ಲ ಹೇಳಬಾರದಮ್ಮ!" ಆಮೇಲೆ ಕುಡಿಯಲು ನೀರು ತಂದುಕೊಟ್ಟರು. ಅದನ್ನು ಕುಡಿಯುವುದು ಬೈಗುಳ ಕೇಳುವುದಕ್ಕಿಂತ ಕಷ್ಟವಾಯಿತು.

ಮಧ್ಯಾಹ್ನ ಎರಡರ ಹೊತ್ತಿಗೆ ಮೂವತ್ತೆಂಟು ಬಾಗಿಲಾಗಿತ್ತು. ಕಾಲುಗಳು ಊದಿಕೊಂಡಿದ್ದವು. ಕೂಸುಗಳ ಮನೆಗೆ ಭಾನುವಾರ ರಜೆ. ಆದರೂ ದೊಡ್ಡಮ್ಮ ಅಂಗಳ ತೊಳೆಯುತ್ತಿದ್ದರು. ಇವಳು ಬಾಯಿ ತೆರೆಯುವ ಮೊದಲೇ ಕೈಯೆತ್ತಿದರು. "ನನಗೆ ಹೇಳೋದು ಬೇಡ. ಬೆಳಿಗ್ಗೆಯಿಂದ ಆರು ಜನ ತಾಯಂದಿರು ಬಂದು ಒಪ್ಪಿಸಿ ಹೋದ್ರು, ಯಾರೋ ಹೆಂಗಸು ಬಾಯಿಪಾಠ ಮಾಡಿಸ್ತಿದ್ದಾಳೆ ಅಂತ." ಪೊರಕೆಯನ್ನು ಗೋಡೆಗೆ ಒರಗಿಸಿದರು. "ಇನ್ನೂ ಐದು ಜನ ಇದ್ದಾರೆ. ಅವ್ರೂ ಸರಿ ಅಂದ್ರೆ ನನ್ನ ಅಡ್ಡಿ ಏನಿಲ್ಲ."

ಉಳಿದ ಎರಡು ಬಾಗಿಲುಗಳು ಹಿಂದಿನ ಬೀದಿಯ ಒಂದು ಮಹಡಿಯ ಮೇಲೆ, ಅಕ್ಕಪಕ್ಕದಲ್ಲಿ. ಮಂಗಳವಾರ ಎರಡಕ್ಕೂ ಬೀಗವಿತ್ತು. ಪೇದೆ ತಟ್ಟಿ, ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದವರಿಗೆ ಫೋಟೋ ತೋರಿಸಿ ಬಂದಿದ್ದಳು. ಅಕ್ಕ ಮೊದಲನೆಯದನ್ನು ತಟ್ಟಿದಳು.

ತೆರೆದವಳು ತಂಗಿ.

ಒದ್ದೆ ಕೂದಲು, ಹೆಗಲ ಮೇಲೆ ಟವೆಲು. ಹಿಂದೆ ಒಂದು ಚಾಪೆ, ಒಂದು ಕುರ್ಚಿ, ಕಿಟಕಿಯ ಕಟ್ಟೆಯ ಮೇಲೆ ಅವಳ ಚೀಲ. ಅಕ್ಕನ ಕಣ್ಣು ಅಭ್ಯಾಸಬಲದಿಂದ ತಟ್ಟೆಯನ್ನು ಹುಡುಕಿತು; ಅವಳು ಕಣ್ಣನ್ನು ಎಳೆದು ನೆಲಕ್ಕೆ ತಂದಳು. ಒಳಗೆ ಬಾ ಎಂದು ತಂಗಿ ಹೇಳಲಿಲ್ಲ. ಹೋಗು ಎಂದೂ ಹೇಳಲಿಲ್ಲ. ಬಾಗಿಲು ತೆರೆದ ಯಾರೋ ಒಬ್ಬಳ ಹಾಗೆ ಕಾದಳು.

ಅಕ್ಕನಿಗೆ ಬೇರೆ ಮಾತು ತಿಳಿಯಲಿಲ್ಲ. ಮೂವತ್ತೆಂಟು ಸಲ ಹೇಳಿದ್ದನ್ನೇ ಹೇಳಿದಳು. "ನಾನು ಮಂಗಳವಾರ ಪೊಲೀಸ್ರ ಜೊತೆ ಬಂದಿದ್ದೆ. ನನ್ನ ತಂಗಿ ಸಾಯ್ತೀನಿ ಅಂತ ಎಂದೂ ಹೇಳಿರಲಿಲ್ಲ. ಪೊಲೀಸ್ರಿಗೆ ನಾನೇ ಸುಳ್ಳು ಹೇಳ್ದೆ." ಮೂರೇ ವಾಕ್ಯ ಇಲ್ಲಿಗೆ ಸಾಲದು. "ಎರಡನೇ ಮೆಸೇಜು ಬಂದಿತ್ತು. ಓದಿದ್ದೆ. ಬರ್ಲಿಲ್ಲ ಅಂದಿದ್ದೂ ಸುಳ್ಳು."

ಹೇಳಿ ನೋಡೋಣ ಎನ್ನುವ ಧೈರ್ಯ ಬರಲಿಲ್ಲ. ಆದರೆ ಹದಿಹರೆಯದಿಂದ ಆ ಮಾತಿನಡಿಯಲ್ಲೇ ಬೆಳೆದವಳಿಗೆ ಕೇಳಿಸಿಕೊಳ್ಳಬೇಕಾದ ಅಗತ್ಯವೂ ಇರಲಿಲ್ಲ. ತಂಗಿ ಚೌಕಟ್ಟಿಗೆ ಒರಗಿ, ಒಂದೊಂದೇ ಪದವಾಗಿ ಒಪ್ಪಿಸಿದಳು.

"ನಾನು ಸಾಯ್ತೀನಿ ಅಂದಿರಲಿಲ್ಲ. ನೀನು ಪೊಲೀಸ್ರಿಗೆ ಸುಳ್ಳು ಹೇಳ್ದೆ. ನನ್ನ ಮೆಸೇಜು ಓದಿದ್ದೆ. ಆಮೇಲೆ ನನಗೂ ಸುಳ್ಳು ಹೇಳ್ದೆ." ಟವೆಲನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. "ಸರಿಯಾಗಿ ಹೇಳಿದ್ನಾ?"

"ಸರಿ" ಎಂದಳು ಅಕ್ಕ.

ತಂಗಿ ಪಕ್ಕದ ಬಾಗಿಲ ಕಡೆ ಕೈ ತೋರಿಸಿದಳು. "ಆವತ್ತು ನಾನು ಎತ್ಕೊಂಡಿದ್ದ ಕೂಸು ಆ ಮನೆಯೋಳ್ದೇ. ತವರಿಗೆ ಹೋಗಿದ್ದಾಳೆ, ನಾಲ್ಕು ಗಂಟೆಗೆ ಬರ್ತಾಳೆ. ನನ್ನ ಮುಖ ಕಂಡ್ರೆ ಬಾಗಿಲು ಹಾಕ್ಕೋತಾಳೆ. ಅವಳಿಗೂ ಹೇಳು."

ಬಾಗಿಲು ಮುಚ್ಚಿತು. ಜೋರಾಗಿ ಅಲ್ಲ, ಒಳಗಿನಿಂದ ಚಿಲಕ ಬಿದ್ದ ಸದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಅಕ್ಕ ಮೆಟ್ಟಿಲ ಮೇಲೆ ಕೂತಳು. ಚೀಲದೊಳಗೆ ಫೋನು ಗುಂಯ್‌ಗುಟ್ಟಿತು. ಗಂಡನಿರಬೇಕು, ಎಲ್ಲಿದ್ದೀಯೆಂದು ಕೇಳುತ್ತಿರಬೇಕು. ಅವಳು ಅದನ್ನು ತೆಗೆಯಲಿಲ್ಲ. ಬೆನ್ನ ಹಿಂದಿನ ಕೋಣೆಯಲ್ಲಿ ನೀರು ಸುರಿಯುವ ಸದ್ದು ಕೇಳಿಸಿತು, ಸ್ವಲ್ಪ ಹೊತ್ತಿಗೆ ನಿಂತಿತು. ಕಿವಿ ನಿಮಿರಿತು. ಅವಳು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು, ನಾಲ್ಕು ಗಂಟೆಯಾಗುವುದನ್ನು ಕಾಯತೊಡಗಿದಳು.